ಕಾಗೆ ಕುಕ್ಕಿದ ಕಣ್ಣು

ಕೆಲಖ್‌ನ ಕಣ್ಣಿನ ಗುಳಿಗಳನ್ನು ತೊಳೆದವನು ನಾನು. ಕೀವು ತೆಗೆದು, ಬೆಣ್ಣೆ ಹಚ್ಚಿ, ಬಟ್ಟೆ ಕಟ್ಟಿದವನೂ ನಾನೇ. ಆಗ ಬಾರದ ವಾಕರಿಕೆ, ಮಠದ ಹಿರಿಯ ಫೇಲ್ಬೆ ಹಂದಿಯ ಮೂಳೆ ಚೀಪುತ್ತಾ ಬಾಯಿ ತೆರೆದಾಗ ಬಂತು.

ಐರ್ಲೆಂಡಿನಲ್ಲಿ ಅಂಗ ಊನವಾದವನು ರಾಜನಾಗುವಂತಿಲ್ಲ. ಅದಕ್ಕೇ ಪಟ್ಟದ ಮೇಲೆ ಕಣ್ಣಿಟ್ಟ ಡುನ್ಲಾಂಗ್ ಒಡಹುಟ್ಟಿದ ಅಣ್ಣ ಕೆಲಖ್‌ನನ್ನು ಕೊಲ್ಲಲಿಲ್ಲ. ಕಾದ ಕಬ್ಬಿಣದಿಂದ ಎರಡೂ ಕಣ್ಣು ತೆಗೆಸಿ ನಮ್ಮ ಮಠದ ಬಾಗಿಲಿಗೆ ತಂದು ಬಿಸಾಡಿದ. ಜೊತೆಗೆ ಮಠಕ್ಕೆ ಕಾಣಿಕೆಯೆಂದು ಒಂದು ಹಿಂಡು ಹಸುಗಳನ್ನೂ ಅಟ್ಟಿದ. ಎಂಥ ಭಕ್ತ!

ಮಠದ ವರ್ಷಪುಸ್ತಕ ಬರೆಯುವುದು ನನ್ನ ಕೆಲಸ. ಯಾವ ರಾಜ ಸತ್ತ, ಎಲ್ಲಿ ದನಗಳಿಗೆ ರೋಗ ಬಂತು, ಎಲ್ಲವೂ ಅದರಲ್ಲಿರುತ್ತದೆ. ಕುಲದವರು ರಾಜನನ್ನು ಆರಿಸುವಾಗ ಅದನ್ನೇ ಓದಿಸುತ್ತಾರೆ.

"ಬರ್ಕೊಳ್ಳಯ್ಯಾ," ಎಂದ ಫೇಲ್ಬೆ. "ಈ ವರ್ಷ ಕೆಲಖ್ ನಮ್ಮ ಸಂತರ ಬಾವಿಗೆ ಉಗಿದ. ಸಂತರ ಕಾಗೆ ಬಂದು ಅವನ ಕಣ್ಣು ಕುಕ್ತು."

"ಬುದ್ಧೀ, ಸುಟ್ಟ ಗಾಯ ನಾನೇ ತೊಳ್ದಿದೀನಿ. ಕಾಗೆ ಕೊಕ್ಕಲ್ಲಿ ಬೆಂಕಿ ಇರ್ತದಾ?"

"ಇರ್ತದೆ ಅಂತ್ಲೇ ಬರಿ. ಪವಾಡ ಇನ್ನೂ ಚೆನ್ನಾಗಾಗ್ತದೆ. ನೂರು ವರ್ಷ ಆದ್ಮೇಲೆ ಕಾಗೇನ ಯಾರಯ್ಯಾ ಸಾಕ್ಷಿಗೆ ಕರೀತಾರೆ?"

ಅವನ ಗಡ್ಡದಿಂದ ಜಿಡ್ಡು ಹಾಳೆಯ ಮೇಲೆ ತೊಟ್ಟಿಕ್ಕಿತು. ಹೆಬ್ಬೆರಳಿನಿಂದ ಒರೆಸಿ, ಆ ಬೆರಳನ್ನೂ ನೆಕ್ಕಿದ. ಥೂ!

"ಅವನ ಮಕ್ಕಳ ಗತಿ? ಶಾಪ ತಗಲಿದ ಮನೆಯೋರು ಅಂದ್ರೆ ಅವರನ್ನ ಯಾರು ಆರಿಸ್ತಾರೆ?"

"ಮತ್ತೆ ಹಸು ಬಂದಿರೋದು ಯಾತಕ್ಕೆ? ಹಾಲು ನೀನೂ ಕುಡ್ದಿದ್ಯಲ್ಲ."

ಕುಡಿದಿದ್ದೆ. ಬರೆದೆ.

ಮರುದಿನ ಬೆಳಿಗ್ಗೆ ಕೆಲಖ್ ಗೋಡೆ ತಡವುತ್ತಾ ಬಂದ. "ಬರೆದ್ರಾ ಸ್ವಾಮಿ? ಓದಿ ಹೇಳಿ. ನನ್ನ ಗಂಡುಮಕ್ಕಳಿಬ್ರೂ ದೂರದ ಸಾಕುಮನೇಲಿ ಬೆಳೀತಾವ್ರೆ. ನಾಳೆ ದೊಡ್ಡೋರಾಗಿ ಬಂದಾಗ ಪುಸ್ತಕದಲ್ಲಿ ನಿಜ ಇದ್ರೆ ಸಾಕು. ಅವರ ಹಕ್ಕು ಉಳೀತದೆ."

ಕಾಗೆಯ ಸಾಲನ್ನೇ ನೋಡುತ್ತಾ ನಾನು ಗಟ್ಟಿಯಾಗಿ ಓದಿದೆ: "ಈ ವರ್ಷ ಡುನ್ಲಾಂಗ್ ತನ್ನ ಅಣ್ಣ ಕೆಲಖ್‌ನ ಕಣ್ಣುಗಳನ್ನು ಕೀಳಿಸಿದನು. ಕೆಲಖ್ ತಪ್ಪು ಮಾಡಿರಲಿಲ್ಲ."

"ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಫೇಲ್ಬೆಯ ಮೇಲಿದ್ದ ಅಸಹ್ಯವೆಲ್ಲ ನನ್ನ ಮೇಲೆಯೇ ತಿರುಗಿತು.

"ಎಲ್ಲೈತೆ ಆ ಸಾಲು?" ಎಂದು ಬೆರಳು ಚಾಚಿದ. ನಾನು ಅದನ್ನು ಹಿಡಿದು ಕಾಗೆಯ ಮೇಲಿಟ್ಟೆ. ಅವನು ಬಗ್ಗಿ, ತಡವಿ, ಆ ಜಾಗಕ್ಕೆ ಮುತ್ತಿಟ್ಟ.

"ಹೆದರಿ ಸುಳ್ಳು ಬರೀತೀರಿ ಅನ್ಕೊಂಡಿದ್ದೆ," ಎಂದ. "ನಿಮ್ಮಂಥೋರು ಒಬ್ರಾದ್ರೂ ಇದಾರಲ್ಲ, ನನಗಷ್ಟು ಸಾಕು."

"ಇರಲಿ ಬಿಡಿ," ಎಂದೆ ನಾನು.