ಮೇಣ ಬಳಿಸಿಕೊಂಡ ನೀರಿನ ಚೀಲ

ನಾನು ನೀರಿನ ಚೀಲ. ಪ್ಲಾಸ್ಟಿಕ್ಕಿನದಲ್ಲ ಮತ್ತೆ! ದಪ್ಪ ಕ್ಯಾನ್ವಾಸ್ ಬಟ್ಟೆಯದು. ಹುಬ್ಬಳ್ಳಿಯ ತಾಡಪತ್ರಿ ಅಂಗಡಿಯಲ್ಲಿ ಖಾದರಸಾಬ ನನ್ನನ್ನು ಹೊಲಿದು, ಬಾಯಿಗೊಂದು ಬಿರಡೆ ಹಾಕಿ, ನೀರು ತುಂಬಿ ತೂಗುಹಾಕಿದ. ನನ್ನ ಮೈಯೆಲ್ಲ ಬೆವರಿತು. "ಬೆವರ್ತು ನೋಡು, ಇನ್ನ ನೀರು ತಂಪಾಗತೈತಿ" ಎಂದು ಅವನು ಹಿಗ್ಗಿದ. ನಮ್ಮ ಕುಲದ ಗುಟ್ಟೇ ಅದು. ನಾವು ಹೊರಗೆ ಚೂರುಚೂರೇ ಜಿನುಗಬೇಕು, ಗಾಳಿ ಬಡಿದು ಅದು ಆರಬೇಕು, ಆಗ ಒಳಗಿನ ನೀರು ತಣ್ಣಗಾಗುತ್ತದೆ.

ನನ್ನನ್ನು ಕೊಂಡವನು ಲಾರಿ ಡ್ರೈವರ್ ಫಕೀರೇಶ. ಅವನ ಲಾರಿಯ ಮೂತಿಗೆ ಜೋತುಬಿದ್ದು ರಾಜಸ್ಥಾನದ ಮರಳುಗಾಡನ್ನು ಎಷ್ಟು ಸಲ ದಾಟಿದೆನೋ! ಮನುಷ್ಯ ಅಪರಂಜಿ, ಆದರೆ ಮಾತಿನಲ್ಲಿ ಮಹಾ ಜಿಪುಣ. ಹೆಂಡತಿ ತೀರಿಹೋದ ಮೇಲಂತೂ ಬಾಯಿಗೆ ಬೀಗವೇ ಬಿತ್ತು. ಲಾರಿ ಮಾರಿ ಮೋಟಾರ್‌ಸೈಕಲ್ ಕೊಂಡ. ನಾನು ಅದರ ಹ್ಯಾಂಡಲಿಗೆ ಬಂದೆ.

ಐವತ್ತು ದಾಟಿದ ಮೇಲೆ ಅವನು ಗದಗಿನ ದಾಕ್ಷಾಯಣಿಯನ್ನು ಮದುವೆಯಾದ. ಅವಳೂ ಗಂಡನನ್ನು ಕಳೆದುಕೊಂಡು, ಜಂಪರು ಹೊಲಿದು ಬದುಕಿದವಳು. "ನಾ ಲಾರಿ ಹೊಡದ ದಾರಿ ತೋರಸ್ತೀನಿ, ನಡಿ" ಎಂದ ಫಕೀರೇಶ. ಇಬ್ಬರೂ ಮೋಟಾರ್‌ಸೈಕಲ್ ಹತ್ತಿ ಹೊರಟರು. ಅಷ್ಟು ಉದ್ದದ ಮಾತನ್ನು ಅವನು ಆಮೇಲೆ ಬಹಳ ದಿನ ಆಡಲಿಲ್ಲ.

ಗುಜರಾತಿನ ಒಂದು ಲಾಡ್ಜಿನಲ್ಲಿ ದಾಕ್ಷಾಯಣಿಯ ಕಣ್ಣು ನನ್ನ ಮೇಲೆ ಬಿತ್ತು. "ಅಯ್ಯ, ಸೋರೂ ಚೀಲ! ಪಾಪ, ಇವರ ಪ್ಯಾಂಟು ತೊಯ್ದು ತಪ್ಪಡಿ ಆಗೇತಿ" ಎಂದು ಮರುಗಿದಳು. ಹೊಲಿಗೆಯವಳಲ್ಲವೇ, ಕೈ ಸುಮ್ಮನಿರುತ್ತದೆಯೇ? ಮೇಣದಬತ್ತಿ ತಂದು ಕರಗಿಸಿ ನನ್ನ ಮೈಗೆಲ್ಲ ಒಂದೂ ಸಂದಿ ಬಿಡದೆ ಬಳಿದಳು. ನನಗೆ ಉಸಿರು ಕಟ್ಟಿತು. ಫಕೀರೇಶ ನನ್ನನ್ನು ಸವರಿ ನೋಡಿದ, ಅವನ ಕೈ ಗಕ್ಕನೆ ನಿಂತಿತು. ಎದುರಿಗೆ ಅವಳು ಮಗುವಿನಂತೆ ಆಸೆಗಣ್ಣು ಬಿಟ್ಟು ನಿಂತಿದ್ದಳು. "ಛಲೋ ಆತು" ಎಂದ.

ಆಮೇಲೆ ಮರಳುಗಾಡು. ಅಲ್ಲಿ ದಾರಿಗೆ ತುದಿಯೂ ಇಲ್ಲ, ತಿರುವೂ ಇಲ್ಲ. ದೂರದಲ್ಲಿ ಬಿಸಿಲುಗುದುರೆ ಕೆರೆಯಾಗುತ್ತಿತ್ತು, ಹತ್ತಿರ ಹೋದರೆ ಕರಗುತ್ತಿತ್ತು. ಅದರೊಳಗೆ ಒಂಟೆಗಳು ಕಾಲಿಲ್ಲದೆ ತೇಲುತ್ತಿದ್ದವು. ಗಾಡಿಯ ಗುಡುಗುಡು ಜೋಗುಳಕ್ಕೆ ದಾಕ್ಷಾಯಣಿ ಗಂಡನ ಬೆನ್ನಿಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ನಾನೂ ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಯ ಕನಸು ಕಾಣುತ್ತಿದ್ದೆ. ಅಂಗಡಿ ಕಂಡಲ್ಲೆಲ್ಲ ಫಕೀರೇಶ ಅವಳಿಗೆ ಐಸಿನಲ್ಲಿಟ್ಟ ಬಾಟಲಿ ಕೊಡಿಸಿ, ತಾನು ನನ್ನ ಕುದಿವ ನೀರು ಕುಡಿದು, "ತಂಪೈತಿ" ಎನ್ನುತ್ತಿದ್ದ.

ಜೈಸಲ್ಮೇರಿನ ಚಹಾದಂಗಡಿಯ ಮುಂದೆ, ಅವನು ಪೆಟ್ರೋಲಿಗೆ ಹೋಗಿದ್ದಾಗ, ಅವಳು ಗದಗಿನ ಅಕ್ಕನಿಗೆ ಫೋನು ಮಾಡಿದಳು. "ಮಾತಿಲ್ಲ ಕತಿ ಇಲ್ಲ, ಅಕ್ಕಾ. ಗ್ವಾಡಿ ಜೋಡಿ ಎಷ್ಟಂತ ಬಾಳೇ ಮಾಡ್ಲಿ? ಅಡಗಿ ಮಾಡಾಕ ಒಬ್ಬಾಕಿ ಬೇಕಾಗಿದ್ಲು, ಮಾಡ್ಕೊಂಡಾರ ಅಷ್ಟ. ಜೋಧಪುರ ಮುಟ್ಟಿದ ಕೂಡಲೇ ರೈಲು ಹತ್ತಿ ನಿನ್ನ ಮನೀಗೆ ಬಂದುಬಿಡ್ತೀನಿ. ಮತ್ತ ಇವರ ಕಡೆ ಹೋಗಂಗಿಲ್ಲ." ಬಾಟಲಿ ತುಂಬಿಕೊಳ್ಳಲು ಅವಳು ನನ್ನನ್ನು ಕೈಯಲ್ಲೇ ಹಿಡಿದಿದ್ದಳು, ಹಾಗಾಗಿ ಎಲ್ಲ ಕೇಳಿಸಿತು. ನನಗೂ ಬಾಯಿದೆ, ಆದರೆ ಏನು ಮಾಡಲಿ, ಅದರಿಂದ ನೀರು ಬಿಟ್ಟರೆ ಬೇರೇನೂ ಬರುವುದಿಲ್ಲ. ಅಷ್ಟರಲ್ಲಿ ಅವನು ಬಂದ, ಅವಳು ತುಂಬಿಕೊಳ್ಳದೆಯೇ ಗಾಡಿ ಹತ್ತಿದಳು.

ಜೋಧಪುರದ ದಾರಿಯಲ್ಲಿ ಎಷ್ಟು ಹೊತ್ತಾದರೂ ಅಂಗಡಿಯೇ ಸಿಗಲಿಲ್ಲ. ನಮ್ಮ ಕಡೆಯ ಬನ್ನಿ ಗಿಡದಂಥದೇ ಒಂದು ಗಿಡದ ನೆರಳಲ್ಲಿ ಗಾಡಿ ನಿಲ್ಲಿಸಿ ಫಕೀರೇಶ ಚೈನು ಬಿಗಿಯತೊಡಗಿದ. ದಾಕ್ಷಾಯಣಿ ನನ್ನ ಬಿರಡೆ ತೆಗೆದು ಒಂದು ಗುಟುಕು ಕುಡಿದವಳೇ ಥೂ ಎಂದು ಉಗಿದಳು.

"ಅಯ್ಯ ಶಿವನ! ಜಳಕದ ನೀರು ಆಗೇತಲ್ರೀ! ಇದನ್ನ ತಂಪೈತಿ ಅಂತ ಕುಡೀತಿದ್ರೇನು?"

ಅವನು ಚೈನಿನಿಂದ ತಲೆ ಎತ್ತಲಿಲ್ಲ. "ಅದು ಬೆವರಿದ್ರನ ತಂಪು. ಮ್ಯಾಣ ಹಚ್ಚಿದ್ರ ಬೆವರಂಗಿಲ್ಲ."

"ಮತ್ತ ಮೊದಲ ಹೇಳಾಕ ಏನಾಗಿತ್ತು?"

"ನನ್ನ ಪ್ಯಾಂಟು ತೊಯ್ತಂತ ಯಾರೂ ಹಿಂಗ ಕುಂತು ಕಾಳಜಿ ಮಾಡಿದ್ದಿಲ್ಲ. ತಪ್ಪು ಮಾಡೀದಿ ಅಂದಿದ್ರ ನಿನ್ನ ಮಾರಿ ಸಣ್ಣದಾಗತಿತ್ತು. ನೀರ ಏನು, ಬಿಸೀದೂ ಇಳೀತೈತಿ."

ದಾಕ್ಷಾಯಣಿ ಅಲ್ಲೇ ಮರಳಿನ ಮೇಲೆ ಕುಸಿದು ಕೂತಳು. ಮೊದಲು ನಕ್ಕಳು, ನಗುನಗುತ್ತಲೇ ಅತ್ತಳು. "ಎಂಥಾ ಮನಷ್ಯಾ ರೀ ನೀವು! ಬೈದಿದ್ರ ನನಗ ಎಷ್ಟ ಸುಖ ಆಗತಿತ್ತು!" ಎಂದು ಅವನಿಗೇ ಬೈದಳು. ಅವನು ಪೆಚ್ಚಾಗಿ ಸ್ಪಾನರ್ ಹಿಡಿದು ನಿಂತಿದ್ದ. ನನಗೆ ಅವರಿಬ್ಬರ ಮೇಲೂ ಪ್ರೀತಿ ಉಕ್ಕಿತು.

ಸಂಜೆ ಜೋಧಪುರ ಬಂತು. ರೈಲ್ವೆ ಸ್ಟೇಷನ್ನಿನ ಫಲಕ ಕಂಡಿತು. ಅವಳು ಅದರ ಕಡೆ ಕುತ್ತಿಗೆ ಹೊರಳಿಸಿದ್ದನ್ನು ಕನ್ನಡಿಯಲ್ಲಿ ಕಂಡು ಫಕೀರೇಶ ಗಾಡಿ ನಿಧಾನ ಮಾಡಿದ.

"ಯಾಕ, ಅಲ್ಲೇನರ ಕೆಲಸ ಐತೇನು?"

"ಏನಿಲ್ಲ. ಸೀದಾ ಹೊಡೀರಿ" ಎಂದಳು. "ಆದ್ರ ಸುಮ್ಮನ ಅಲ್ಲ, ಮಾತಾಡ್ಕೋತ ಹೊಡೀರಿ."

ಊರಿಗೆ ಬಂದ ಮೇಲೆ ಕುದಿನೀರಿನಲ್ಲಿ ನೆನೆಸಿ ಅವಳು ನನ್ನ ಮೇಣ ಬಿಡಿಸಿದಳು. ಆಮೇಲೆ ಬಹಳ ವರ್ಷ ಬೆವರಿದೆ. ಈಗ ತಳದ ಬಟ್ಟೆ ಪಿಸಿದು ನೀರು ನಿಲ್ಲದೆ, ಹಿತ್ತಿಲ ಗೂಟಕ್ಕೆ ನೇತುಬಿದ್ದಿದ್ದೇನೆ. ನನ್ನ ಬಾಯಿ ಅಗಲಿಸಿ ಅವಳು ತುಂಬಿದ ಹಳೆ ದಾರದುಂಡೆಗಳು ಒಳಗಿವೆ. ಅಡುಗೆಮನೆಯಲ್ಲಿ ಆ ಮುದುಕ ಮುದುಕಿಯರ ಜಗಳ ದಿನವಿಡೀ ಕೇಳುತ್ತದೆ, ನನ್ನ ಕಿವಿಗೆ ಹಬ್ಬ. ಒಳಗಿನದು ಒಂದಿಷ್ಟು ಹೊರಗೆ ಜಿನುಗದಿದ್ದರೆ ಚೀಲವೂ ತಂಪಿರುವುದಿಲ್ಲ, ಮನೆಯೂ ಇರುವುದಿಲ್ಲ.

ಆದರೆ ಜೈಸಲ್ಮೇರಿನ ಆ ಫೋನಿನ ಸಂಗತಿ ಫಕೀರೇಶನಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಹೇಳಿಲ್ಲ. ಅದೊಂದನ್ನು ಮಾತ್ರ ನಾನೂ ಸೋರಲು ಬಿಡುವುದಿಲ್ಲ.