ಹನ್ನೊಂದು ಗಂಟೆಯ ಶತ್ರು

ಚರ್ಚಿನ ಸಭೆಯವರೆಲ್ಲ ಅವಳನ್ನು ಕಾವಲಮ್ಮ ಎಂದೇ ಕರೆಯುತ್ತಿದ್ದರು. ಯಾರ ಮನೆಗೆ ಯಾವ ಕೇಡು ನುಗ್ಗೀತೋ ಎಂದು ಮೈಯೆಲ್ಲ ಕಣ್ಣಾಗಿ ಕಾಯುವವಳು. ಯಾರಾದರೂ ಸೀನಿದರೂ ಒಂದು ಪ್ರಾರ್ಥನೆ ಹೇಳದೆ ಬಿಡುವವಳಲ್ಲ. ಊರವರ ವಿಷಯದಲ್ಲಿ ಇಷ್ಟು ಎಚ್ಚರವಿದ್ದವಳು ತನ್ನ ಮೈಯ ವಿಷಯದಲ್ಲಿ ಮಾತ್ರ ಗಾಢ ನಿದ್ದೆಯಲ್ಲಿದ್ದಳು.

ಮಗಳು ಚರ್ಚಿಗೆ ಬರುವುದನ್ನು ನಿಲ್ಲಿಸಿದಾಗ ಕಾವಲಮ್ಮ ಕರ್ತನಿಗೆ ಮಾತು ಕೊಟ್ಟಳು: ಅವಳು ತಿರುಗಿ ಬರುವವರೆಗೂ ದಿನಾ ಮಧ್ಯಾಹ್ನದ ಪ್ರಾರ್ಥನೆ ಮುಗಿಯದೆ ಬಾಯಿಗೆ ತುತ್ತು ಹಾಕುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬೆಳಿಗ್ಗೆ ತಪ್ಪದೆ ನುಂಗುತ್ತಿದ್ದಳು. ಡಾಕ್ಟರ ಮಾತು ಮೀರಬಾರದಲ್ಲ! ತಿಂಡಿ ತಿಂದ ಮೇಲೆ ನುಂಗಬೇಕು ಎಂದು ಅವರು ಹೇಳಿದ್ದ ಉಳಿದರ್ಧ ಮಾತು ಅವಳಿಗೆ ಬೇಕಿರಲಿಲ್ಲ.

ಅಂದಿನಿಂದ ಹನ್ನೊಂದರ ಹೊತ್ತಿಗೆ ಅವನು ಬರತೊಡಗಿದ. ಮೊದಲು ಬೆರಳುಗಳು ನಡುಗುವುದು, ಆಮೇಲೆ ತಣ್ಣನೆಯ ಬೆವರು, ಎದೆ ಢವಢವ, ಮಗಳಿಗೆ ಏನೋ ಆಗಿಹೋಯಿತೆಂಬ ಬುಡವಿಲ್ಲದ ಭಯ. ಇದು ಶತ್ರುವಿನ, ಆ ಸೈತಾನನ ಕೆಲಸವಲ್ಲದೆ ಇನ್ನೇನು? ಅವಳು ಮಂಡಿಯೂರಿ ಗದರಿಸುತ್ತಿದ್ದಳು. ಪ್ರಾರ್ಥನೆ ಮುಗಿಸಿ ಊಟ ಮಾಡುವಷ್ಟರಲ್ಲಿ ಅವನು ಬಾಲ ಮುದುರಿಕೊಂಡು ಓಡಿರುತ್ತಿದ್ದ. ಗೆದ್ದದ್ದು ಪ್ರಾರ್ಥನೆಯೋ ಊಟವೋ ಎಂದು ಕೇಳುವ ಪುಣ್ಯಾತ್ಮರು ಯಾರೂ ಇರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಈ ಗೆಲುವಿನ ಸಾಕ್ಷಿ ಹೇಳಿದಾಗ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು.

ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವ ಮಗಳು ದಿನಾ ಮಗುವನ್ನು ಅವಳ ಕೈಗೆ ಕೊಟ್ಟು, "ಅಮ್ಮಾ, ತಿಂಡಿ ತಿಂದ್ಯಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. ಸುಳ್ಳು ಹೇಳಬಾರದೆಂದು ಕಾವಲಮ್ಮ, "ಅದನ್ನೆಲ್ಲ ನಾನು ನೋಡ್ಕೋತೀನಿ, ಹೋಗೇ," ಎಂದು ಸಾಗಹಾಕುತ್ತಿದ್ದಳು.

ಅಂದು ಮೊಮ್ಮಗಳನ್ನು ಟಬ್ಬಿನಲ್ಲಿ ಕೂರಿಸಿ ಬೆನ್ನಿಗೆ ಸೋಪು ಹಚ್ಚುತ್ತಿದ್ದಾಗ ನಡುಕ ಶುರುವಾಯಿತು.

"ಯೇಸುವಿನ ನಾಮದಲ್ಲಿ ತೊಲಗು!" ಎಂದು ಕೂಗಿದಳು. ಅಜ್ಜಿ ಆಟವಾಡುತ್ತಿದ್ದಾಳೆಂದು ಮಗು ಕಿಲಕಿಲ ನಕ್ಕಿತು. ನಡುಕ ಹೆಚ್ಚಾಯಿತು. ಟಬ್ಬು ಎರಡಾಗಿ ಕಂಡಿತು, ಒಳಗೆ ಎರಡು ಮಗು. ಯಾವುದನ್ನು ಹಿಡಿದುಕೊಳ್ಳಬೇಕು? ಸೋಪಿನ ಮೈ ಬೆರಳುಗಳಿಂದ ಜಾರತೊಡಗಿತು. ಅವಳ ಜೀವವೇ ಬಾಯಿಗೆ ಬಂತು. ಹೇಗೋ ಎದೆಗೆ ಅವಚಿಕೊಂಡು ಎತ್ತಿ, ನೆಲದ ಮೇಲಿನ ಟವೆಲ್ಲಿನಲ್ಲಿ ಮಲಗಿಸಿ, ಗೋಡೆಗೆ ಒರಗಿ ಕುಸಿದಳು.

ಪಕ್ಕದಲ್ಲೇ ಮಗುವಿಗೆಂದು ಕಿವುಚಿಟ್ಟಿದ್ದ ಬಾಳೆಹಣ್ಣಿನ ಬಟ್ಟಲಿತ್ತು. ತಿಂದರೆ ಕೊಟ್ಟ ಮಾತು ಮುರಿಯಿತು. ಮಾತು ಮುರಿದರೆ ಮಗಳು ಕೈತಪ್ಪಿಹೋದಳು. ತಿನ್ನದಿದ್ದರೆ? ತಾನು ಪ್ರಜ್ಞೆ ತಪ್ಪಿ ಬೀಳುವುದು, ಮಗು ಅಂಬೆಗಾಲಿಡುತ್ತಾ ನೀರಿನ ಕಡೆಗೆ ಹೊರಡುವುದು. "ಕರ್ತನೇ, ಕ್ಷಮಿಸು," ಎನ್ನುತ್ತಾ ಅವಳು ಬಟ್ಟಲನ್ನು ಬೆರಳಿನಿಂದ ಬಾಚಿ ಬಾಚಿ ತಿಂದಳು. ತನ್ನ ಪಾಲು ಹೋಯಿತೆಂದು ಮಗು ರಂಪ ಮಾಡಿತು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಬೆವರು ಆರಿತು. ಭಯವೂ ಹೇಳದೆ ಕೇಳದೆ ಹೊರಟುಹೋಯಿತು. ಕಾವಲಮ್ಮ ಪೆಚ್ಚಾಗಿ ಕುಳಿತಳು. ಒಂದು ಬಾಳೆಹಣ್ಣಿಗೆ ಹೆದರಿ ಓಡುವ ಸೈತಾನನೇ? ಆತ್ಮ ಕೊಟ್ಟ ಕರ್ತನೇ ಮೈಯನ್ನೂ ಕೊಟ್ಟಿದ್ದ. ಅದು ಹಸಿವು ಹಸಿವು ಎಂದು ಗೋಗರೆದಾಗಲೆಲ್ಲ ತಾನು ಅದನ್ನೇ ಶತ್ರುವೆಂದು ಗದರಿಸಿದ್ದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಮರುಕ್ಷಣವೇ ದರ್ಜಿಯ ನೆನಪಾಗಿ ಆ ಮುಖ ಬಿಳಿಚಿಕೊಂಡಿತು.

ಹಿಂದಿನ ಬೀದಿಯಲ್ಲಿ ಒಂಟಿಯಾಗಿದ್ದುಕೊಂಡು ಬಟ್ಟೆ ಹೊಲಿಯುವವಳು. ಅದೇ ಸಭೆ, ಅದೇ ಕಾಯಿಲೆ, ಅದೇ ಮಾತ್ರೆ. ಸಾಕ್ಷಿ ಕೇಳಿದ ಮೇಲೆ, "ಅಕ್ಕಾ, ನಿನ್ನ ಮಗಳಿಗೋಸ್ಕರ ನಾನೂ ಉಪವಾಸ ಇರ್ತೀನಿ," ಎಂದು ಈ ವಾರದಿಂದ ಶುರುಮಾಡಿದ್ದಳು.

ಕಾವಲಮ್ಮ ಅವಳಿಗೆ ಫೋನು ಮಾಡಿದಳು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು. ಎರಡನೇ ಸಲ ದರ್ಜಿ ಎತ್ತಿದಳು.

"ಅಕ್ಕಾ... ಅವನು ಬಂದಿದ್ದಾನೆ. ಮಷೀನಿನ ಸೂಜಿ ಕಾಣಿಸ್ತಿಲ್ಲ. ಆದ್ರೂ ನಾನು ಬಿಡಲ್ಲ, ಪ್ರಾರ್ಥನೆ ಮಾಡ್ತಾನೇ ಇದ್ದೀನಿ."

"ಪ್ರಾರ್ಥನೆ ನಾನು ಮಾಡ್ತೀನಿ ಕಣೇ. ನೀನು ಸಕ್ಕರೆ ಡಬ್ಬಿ ತೆಗಿ. ಬಾಯಿಗೆ ಹಾಕ್ಕೋ, ಬೇಗ!"

"ನೀನು ಅಕ್ಕ ಅಲ್ಲ," ಎಂದಳು ದರ್ಜಿ.

"ಅಯ್ಯೋ, ನಾನೇ ಕಣೇ!"

"ಸೈತಾನ ಗೊತ್ತಿರೋರ ದನೀಲೇ ಬಂದು ತಿನ್ನು ಅಂತಾನೆ, ನಂಬಬೇಡ ಅಂತ ಅಕ್ಕಾನೇ ಹೇಳ್ಕೊಟ್ಟಿದ್ದಾಳೆ." ನಾಲಗೆ ತೊದಲುತ್ತಿತ್ತು.

ಹೌದು, ಹೇಳಿಕೊಟ್ಟಿದ್ದಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಳೆಂದರೆ ಈಗ ಅವಳ ಮಾತಿಗೇ ಅಲ್ಲಿ ಬೆಲೆಯಿರಲಿಲ್ಲ. ಕಾವಲಮ್ಮನ ಕಣ್ಣಲ್ಲಿ ನೀರು ಬಂತು. ಒದ್ದೆ ಮಗುವನ್ನು ಟವೆಲ್ಲಿನಲ್ಲೇ ಸುತ್ತಿ ಸೊಂಟಕ್ಕೇರಿಸಿಕೊಂಡು, ಗೋಡೆ ಹಿಡಿದು ಎದ್ದಳು.

"ಕೇಳು ತಂಗಿ. ನಾನು ತಪ್ಪು ಮಾಡಿದೆ. ನನಗೂ ಈಗ ತಾನೇ ಹೀಗೇ ಆಯ್ತು. ಮಗೂ ಕೈಜಾರಿ ಹೋಗ್ತಿತ್ತು. ಬಾಳೆಹಣ್ಣು ತಿಂದೆ, ಎಲ್ಲಾ ನಿಂತುಹೋಯ್ತು. ನಾನು ಹೇಳಿದ ಸಾಕ್ಷಿ ತಪ್ಪು. ಭಾನುವಾರ ಎಲ್ಲರ ಮುಂದೆ ನಿಂತು ಹೇಳ್ತೀನಿ. ಮಗಳಿಗೂ ಹೇಳ್ತೀನಿ, ಇನ್ಮೇಲೆ ಅವಳು ಮಗೂನ ನನ್ನ ಹತ್ರ ಬಿಡದೇ ಇದ್ರೂ ಸರಿ. ನೀನೇ ಹೇಳು, ಸೈತಾನ ಯಾವತ್ತಾದ್ರೂ ತನ್ನ ತಪ್ಪು ಒಪ್ಕೊಂಡಿದ್ದಾನಾ?"

ಆ ಕಡೆ ಏನೋ ದೊಪ್ಪನೆ ಬಿದ್ದ ಸದ್ದು. ಕಾವಲಮ್ಮ ಬಾಗಿಲ ಕಡೆಗೆ ನಡೆದಳು. ಆಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು, ಹಲ್ಲಿನ ನಡುವೆ ಸಕ್ಕರೆ ಕರಕರ ಎಂದಿತು.

"ಅಕ್ಕಾ," ಎಂದು ದರ್ಜಿ ಬಿಕ್ಕಿದಳು, "ನೀನೇನಾ?"

"ನಾನೇ ಕಣೇ. ಇನ್ನೊಂದು ಚಮಚ ಹಾಕ್ಕೋ. ಬರ್ತಾ ಇದ್ದೀನಿ."