ಜೇಬಿನ ಪರೀಕ್ಷೆ

ಕಿಟಕಿ ಪಕ್ಕದ ಕುರ್ಚಿ ಇಷ್ಟರಲ್ಲೇ ಖಾಲಿಯಾಗುತ್ತದೆ ಎಂಬುದು ಆ ಪೆನ್ನಿನ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕೂರುತ್ತಿದ್ದ ಮಾವನ ಕೈ ವಯಸ್ಸಿಗೆ ನಡುಗತೊಡಗಿತ್ತು. ನಿಬ್ಬು ಉಜ್ಜಿ, ಬರೆದು ನೋಡುವ ಕುರ್ಚಿ ಅದು. ಅಲ್ಲಿ ಕೂತವರು ಹೂಂ ಅನ್ನದೆ ಒಂದು ಪೆನ್ನೂ ಹೊರಗೆ ಹೋಗುತ್ತಿರಲಿಲ್ಲ.

ದೊಡ್ಡ ಸೊಸೆ ಆ ಕುರ್ಚಿ ತನ್ನದೆಂದೇ ತಿಳಿದಿದ್ದಳು. ಮದುವೆಯಾಗಿ ಬಂದಾಗಿನಿಂದ ಮಾವನ ಎಡಗಡೆಯ ಸ್ಟೂಲಿನಲ್ಲಿ ಕೂತವಳು. ಅವರ ಪೆನ್ನುಗಳಿಗೆ ಒಳಗೆ ಬೇರೆ ಟ್ಯೂಬಿಲ್ಲ. ಒಡಲಿಗೇ ಫಿಲ್ಲರಿನಿಂದ ಇಂಕು ಬಿಡಬೇಕು, ತಿರುಪಿಗೆ ತೆಳ್ಳಗೆ ಗ್ರೀಸು ಸವರಿ ನಿಬ್ಬಿರುವ ಕತ್ತನ್ನು ತಿರುಗಿಸಿ ಕೂರಿಸಬೇಕು. ಗ್ರೀಸು ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಇಂಕಿಗೆ ಇಳಿದು ನಿಬ್ಬು ಕಟ್ಟಿಕೊಳ್ಳುತ್ತದೆ. ಅವಳು ಗ್ರೀಸು ಹಚ್ಚಿದ ಪೆನ್ನು ಸೋರಿದ್ದನ್ನು ಯಾರೂ ಕಂಡಿರಲಿಲ್ಲ. ತೊಳೆಯಲು ಬಂದ ಹಳೆಯ ಪೆನ್ನನ್ನು ಒರೆಸುವುದರಲ್ಲೂ ಅಷ್ಟೇ. ಬಟ್ಟೆಯ ಅಂಚನ್ನು ಸೂಜಿಮೊನೆಗೆ ಸುತ್ತಿ ತಿರುಪಿನ ಒಂದೊಂದೇ ಗೆರೆಯಲ್ಲಿ ಓಡಿಸುವಳು. ಉಳಿದವರು ಚಿಂದಿಯಿಂದ ಉಜ್ಜಿ ಕೈತೊಳೆದುಕೊಳ್ಳುತ್ತಿದ್ದರು.

ಆಮೇಲೆ ಚಿಕ್ಕ ಸೊಸೆ ಬಂದಳು. ನಿಬ್ಬನ್ನು ತೀಡುವ ನುಣುಪು ಕಾಗದದ ಮೇಲೆ ಎರಡು ಸಲ ಎಳೆದು, ಗೀಚಿ ಅದರ ಸದ್ದಿಗೆ ಕಿವಿಗೊಟ್ಟು, ಮತ್ತೆ ಒಂದು ಸಲ ಎಳೆಯುವಳು. ಅಷ್ಟೇ. ಆ ಪೆನ್ನು ಬರೆಯುವಾಗ ಸದ್ದೇ ಇರುತ್ತಿರಲಿಲ್ಲ. ಗಿರಾಕಿಗಳು ಬಾಗಿಲಲ್ಲೇ ಕೇಳತೊಡಗಿದರು: "ಆ ಹೊಸ ಹುಡುಗಿ ಇದಾಳಾ?"

"ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದ," ಎಂದು ಲೇತಿನ ಮುಂದೆ ನಿಂತಿದ್ದ ದೊಡ್ಡವಳ ಗಂಡ ನಕ್ಕ.

"ಆ ಕೊಂಬು ಚುಚ್ಚೋದು ನಿಮಗಲ್ವಲ್ಲ. ನಗಿ."

ಚಿಕ್ಕವಳು ಜಂಬ ಮಾಡಿದ್ದರೆ ಬಯ್ದು ಹಗುರವಾಗಬಹುದಿತ್ತು. ಅವಳಿಗೆ ಅದೂ ಬರುತ್ತಿರಲಿಲ್ಲ. "ಅಕ್ಕ, ಗ್ರೀಸು ನಿಮ್ಮ ಹಾಗೆ ನನಗೆ ಕೂರಲ್ಲ, ಒಂದ್ಸಲ ತೋರಿಸಿ" ಎಂದು ಪಕ್ಕದಲ್ಲಿ ಬಂದು ಕೂರುವಳು. ದೊಡ್ಡವಳು ತೋರಿಸುವಳು. ತೋರಿಸುತ್ತಲೇ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡಿರುವಳು.

ಒಂದು ಬೆಳಿಗ್ಗೆ ಟೀಚರಮ್ಮ ಬಂದರು. ಮಾವ ಅಂಗಡಿ ತೆರೆದ ಕಾಲದ ಗಿರಾಕಿ. ಹಳೆಯ ಪೆನ್ನಿಗೆ ಹೊಸ ನಿಬ್ಬು ಬೇಕಿತ್ತು. ಮಾವ ಪೆನ್ನನ್ನು ಚಿಕ್ಕವಳ ಕೈಗೆ ಕೊಟ್ಟರು.

"ನಿಬ್ಬಿನಿಂದ ಗ್ರೀಸಿನ ತನಕ ನೀನೇ ಮಾಡು. ಇದು ಸರಿ ಬಂದರೆ ಕುರ್ಚಿಗೆ ನೀನೇ."

ದೊಡ್ಡವಳು ಎದುರಿಗೇ ಇದ್ದಳು. ಮಾವ ಅವಳ ಕಡೆ ತಿರುಗಲಿಲ್ಲ.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ತಯಾರಾದ ಪೆನ್ನು, ತಯಾರಿಸಿದವರ ಜೇಬಿನಲ್ಲಿ ಅರ್ಧ ದಿನ ಇರಬೇಕು. ಮೈಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ತಳ್ಳುತ್ತದೆ. ಸೋರುವುದಿದ್ದರೆ ನಮ್ಮ ಬಟ್ಟೆ ಮೇಲೆ ಸೋರಲಿ, ಗಿರಾಕಿಯ ಬಟ್ಟೆ ಮೇಲೆ ಬೇಡ ಎಂಬುದು ಮಾವನ ಮಾತು. ಅವರ ಅಂಗಿಗಳ ಎದೆಯಲ್ಲೆಲ್ಲ ಹಳೆಯ ನೀಲಿ ಚುಕ್ಕೆಗಳಿದ್ದವು.

ಚಿಕ್ಕವಳು ಹೊಸ ನಿಬ್ಬು ತೀಡಿ, ಇಂಕು ತುಂಬಿ, ಗ್ರೀಸು ಹಚ್ಚಿ ಪೆನ್ನನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಊಟಕ್ಕೆ ಎದ್ದಳು. ದೊಡ್ಡವಳೊಬ್ಬಳನ್ನು ಬಿಟ್ಟು ಎಲ್ಲರೂ ಒಳಗೆ ಹೋದರು. ಅವಳು ಪೆನ್ನನ್ನು ನೆಟ್ಟಗೆ ಹಿಡಿದು ಕತ್ತು ಬಿಚ್ಚಿದಳು, ಗ್ರೀಸು ಒರೆಸಿದಳು, ಮತ್ತೆ ಹಾಗೇ ಕೂರಿಸಿದಳು. ಚಿಕ್ಕವಳು ಕೆಲಸಕ್ಕೆ ಹಾಕುವ ಮೇಲಂಗಿ ನೀಲಿಯಾಗಲಿ, ಎಲ್ಲರೂ ನೋಡಲಿ ಎಂಬುದಷ್ಟೇ ಅವಳ ತಲೆಯಲ್ಲಿತ್ತು.

ಊಟ ಮುಗಿಸಿ ಬಂದ ಮಾವ ಪೆನ್ನನ್ನು ಎತ್ತಿಕೊಂಡರು. "ಟೀಚರಮ್ಮಂದು. ಇವತ್ತು ನನ್ನ ಜೇಬಲ್ಲೇ ಇರಲಿ."

ಇನ್ನೊಂದು ಸಲ ಗ್ರೀಸು ನೋಡ್ತೀನಿ ಕೊಡಿ ಮಾವ ಎಂದು ದೊಡ್ಡವಳು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಫಿಲ್ಲರುಗಳನ್ನು ತೊಳೆಯುತ್ತಾ ಕೂತಳು.

ಮಾವ ಬಗ್ಗಿ ಮುಚ್ಚಳಗಳಿಗೆ ಪಾಲಿಶ್ ಹಾಕುತ್ತಿದ್ದರು. ಸಂಜೆಗೆ ಎದ್ದು ನಿಂತಾಗ ಎದೆಯ ಎಡಭಾಗವೆಲ್ಲ ಒದ್ದೆ.

"ಅಪ್ಪ, ಗುಂಡು ಬಿದ್ದೋರ ಹಾಗೆ ಕಾಣ್ತೀರಿ. ರಕ್ತ ಮಾತ್ರ ನೀಲಿ," ಎಂದ ದೊಡ್ಡ ಮಗ.

ಮಾವ ಪೆನ್ನು ಬಿಚ್ಚಿ ಇಂಕನ್ನು ಬಾಟಲಿಗೆ ಸುರಿದರು. ತಿರುಪಿನ ಮೇಲೆ ನೀರು ಬಿಟ್ಟು, ಬೆರಳಿನಿಂದ ಸವರಿ, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. "ಹಚ್ಚೋದು ಮರೆತಿದ್ದರೆ ಹಳೇ ಗ್ರೀಸಾದರೂ ಗೆರೆಯಲ್ಲಿ ಇರಬೇಕಿತ್ತು. ಇದನ್ನ ಒರೆಸಿದಾರೆ. ಒಂದು ಗೆರೇನೂ ಬಿಟ್ಟಿಲ್ಲ."

ಅಷ್ಟು ಚೊಕ್ಕಟವಾಗಿ ಒರೆಸುವ ಕೈ ಆ ಮನೆಯಲ್ಲಿ ಒಂದೇ. ದೊಡ್ಡವಳ ಮುಖ ಬಿಸಿಯಾಯಿತು. ಚಿಂದಿಯಲ್ಲಿ ಉಜ್ಜಿ ಬಿಟ್ಟಿದ್ದರೆ ಸಾಕಿತ್ತು. ಕೆಟ್ಟದ್ದು ಮಾಡುವಾಗಲೂ ಕೆಟ್ಟದಾಗಿ ಮಾಡಲು ಬಂದಿರಲಿಲ್ಲ.

"ನಾನೇ ಮಾವ," ಎಂದಳು ಚಿಕ್ಕವಳು. "ಹೊಸದು ಹಚ್ಚೋಣ ಅಂತ ಅಕ್ಕನ ಹಾಗೆ ಒರೆಸಿದೆ. ಆಮೇಲೆ ಮರೆತೆ."

ಮಾವ ಅವಳನ್ನು ನೋಡಿದರು, ನಂತರ ದೊಡ್ಡವಳನ್ನು ತುಂಬಾ ಹೊತ್ತು ನೋಡಿದರು. "ಸರಿ. ಹಾಗಾದರೆ ಕುರ್ಚಿಗೆ ದೊಡ್ಡವಳೇ. ಅವಳು ಹೂಂ ಅಂದ ಪೆನ್ನು ಇನ್ನುಮುಂದೆ ಚಿಕ್ಕವಳ ಜೇಬಲ್ಲಿ ಇರುತ್ತೆ. ಸೋರಿದರೆ ಹೂಂ ಅಂದವಳೇ ಜವಾಬು ಹೇಳಬೇಕು." ಅಂಗಿ ಬಿಚ್ಚಿ ದೊಡ್ಡವಳ ಕೈಗೆ ಕೊಟ್ಟು ಒಳಗೆ ಹೋದರು.

ಮಾರನೆಯ ದಿನ ಅವಳು ಕಿಟಕಿ ಪಕ್ಕ ಕೂತಳು. ಬೇಕಾಗಿದ್ದು ಸಿಕ್ಕಿತ್ತು. ಟೀಚರಮ್ಮನ ಪೆನ್ನಿಗೆ ತಾನೇ ಗ್ರೀಸು ಹಚ್ಚಿದಳು, ಒಂದು ಸುತ್ತು ಹೆಚ್ಚಾಗಿಯೇ. ನಿಬ್ಬನ್ನೂ ಮುಟ್ಟದೆ ಬಿಡಲಿಲ್ಲ. ಚಿಕ್ಕವಳು ತೀಡಿದ್ದರ ಮೇಲೆ ಮತ್ತೆ ತೀಡಿ, ಬರೆದು ನೋಡಿ, ಹೂಂ ಅಂದಳು. ಚಿಕ್ಕವಳು ಅದನ್ನು ಜೇಬಿಗೆ ಇಳಿಸಿಕೊಂಡಳು. ಮಧ್ಯಾಹ್ನದವರೆಗೆ ದೊಡ್ಡವಳ ಕಣ್ಣು ಆ ಜೇಬನ್ನು ಬಿಟ್ಟು ಕದಲಲಿಲ್ಲ. ಒಂದು ಹನಿಯೂ ಇಳಿಯಲಿಲ್ಲ.

ಚಿಕ್ಕವಳು ಪೆನ್ನು ತೆಗೆದು, ಕಿವಿ ಬಗ್ಗಿಸಿ ಒಂದು ಸಾಲು ಗೀಚಿದಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಕರಕರ ಅಂತಿದೆ. ನಾನೊಂದ್ಸಲ ಎಳೀಲಾ?"

ದೊಡ್ಡವಳಿಗೂ ಆ ಸದ್ದು ಕೇಳಿಸಿತ್ತು. ಹೂಂ ಅನ್ನುವ ಮೊದಲೇ ಕೇಳಿಸಿತ್ತು.

"ಎಳಿ," ಎಂದಳು. ಕುರ್ಚಿಯಿಂದ ಏಳಲಿಲ್ಲ.